ಕೊಚ್ಚಿಹೋದ 19ನೇ ಗೇಟಿಗೆ ಸಿರುಗುಪ್ಪದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಯುತ 19ನೇ ಕ್ರೆಸ್ಟ್ ಗೇಟ್ (ಸ್ವಯಂ ನಿವೃತ್ತರು),
ತುಂಗಭದ್ರಾ ಅಣೆಕಟ್ಟೆ, ಹೊಸಪೇಟೆ.
ಹಾಲಿ ವಾಸ: ಅಣೆಕಟ್ಟೆಯ ಕೆಳಗೆ, ನದಿಪಾತ್ರ.

ವಿಷಯ: ಮೂರು ರಾಜ್ಯಗಳನ್ನು ಒಂದೇ ವಾರದಲ್ಲಿ ಒಗ್ಗೂಡಿಸಿದ್ದಕ್ಕೆ ಅಭಿನಂದನೆ ಹಾಗೂ ಇತರೆ ಕುಂದುಕೊರತೆಗಳ ಕುರಿತು.
ಉಲ್ಲೇಖ: ದಿನಾಂಕ 10-8-2024ರ ಶನಿವಾರ ರಾತ್ರಿ ತಾವು ಚೈನು ಕಡಿದುಕೊಂಡು ಹೊರಟುಹೋದದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ತುಂಗಭದ್ರೆಯ ನೀರು ಕುಡಿಯುವ ಮೂರು ರಾಜ್ಯಗಳನ್ನು ಒಂದೇ ಜಾಗದಲ್ಲಿ, ಒಂದೇ ಕೆಲಸಕ್ಕೆ, ಜಗಳವಿಲ್ಲದೆ ನಿಲ್ಲಿಸುವುದು ಇದುವರೆಗೆ ಯಾವ ಮುಖ್ಯಮಂತ್ರಿಗೂ ಯಾವ ನ್ಯಾಯಮಂಡಳಿಗೂ ಆಗಿರಲಿಲ್ಲ. ತಾವು ಬಿದ್ದು ಅದನ್ನು ಸಾಧಿಸಿದಿರಿ. 60 ಅಡಿ ಅಗಲ, 20 ಅಡಿ ಎತ್ತರದ ಕಬ್ಬಿಣದ ಮೈ ಹೊತ್ತು ಸುಮಾರು 70 ವರ್ಷ ನಿಂತಿದ್ದಾಗ ತಮ್ಮ ಕ್ರಮಸಂಖ್ಯೆ ಕೂಡ ಯಾರಿಗೂ ನೆನಪಿರಲಿಲ್ಲ. 33 ಮಂದಿಯಲ್ಲಿ ತಾವೊಬ್ಬರು, ಅಷ್ಟೆ. ಗೇಟುಗಳ ಮೇಲೆ ಬಣ್ಣದ ಬೆಳಕು ಬಿಟ್ಟಾಗ ಫೋಟೊ ತೆಗೆಯಲು ಬಂದವರು ನೀರಿನ ಫೋಟೊ ತೆಗೆದರೇ ಹೊರತು ತಮ್ಮದನ್ನಲ್ಲ. ಬಿದ್ದ ಮರುದಿನವೇ ಬೆಂಗಳೂರಿನಿಂದ ಉಪಮುಖ್ಯಮಂತ್ರಿ ಬಂದರು, ಮುಖ್ಯಮಂತ್ರಿಯೂ ಬಂದರು, ಆಂಧ್ರದ ಮಂತ್ರಿಗಳು ಬಂದರು, ತಜ್ಞರು ಬಂದರು. ಟಿವಿಯವರಂತೂ ಎಲ್ಲರಿಗಿಂತ ಮೊದಲೇ ಬಂದಿದ್ದರು. ನಮ್ಮ ನಾಡಿನಲ್ಲಿ ಗಣ್ಯರಾಗಬೇಕಾದರೆ ಬೀಳಲೇಬೇಕು ಎಂಬುದನ್ನು ತಾವು ಚೆನ್ನಾಗಿ ಅರಿತಿದ್ದಿರಿ.

ತಮ್ಮ ಮನೆತನದ ಚರಿತ್ರೆ ತಮಗೆ ಗೊತ್ತೇ ಇದೆ. ಆದರೂ ಅರ್ಜಿಯಲ್ಲಿ ಪೂರ್ವಾಪರ ಬರೆಯಲೇಬೇಕೆಂಬ ನಿಯಮವಿದೆ. ಇಲ್ಲೊಂದು ಅಣೆಕಟ್ಟೆ ಕಟ್ಟಬಹುದೆಂದು ಸರ್ ಆರ್ಥರ್ ಕಾಟನ್ ಹೇಳಿದ್ದು 1860ರಲ್ಲಿ. ಮದ್ರಾಸು ಮತ್ತು ಹೈದರಾಬಾದು ಸರ್ಕಾರಗಳು ಒಪ್ಪಂದಕ್ಕೆ ಬಂದದ್ದು 1944ರಲ್ಲಿ. ನಡುವಿನ 84 ವರ್ಷ ಪತ್ರವ್ಯವಹಾರಕ್ಕೆ ಹಿಡಿಯಿತು. 1945ರ ಫೆಬ್ರುವರಿ 28ರಂದು ಒಂದು ದಂಡೆಯಲ್ಲಿ ಹೈದರಾಬಾದಿನ ಬೀರಾರ್ ರಾಜಕುಮಾರ, ಇನ್ನೊಂದು ದಂಡೆಯಲ್ಲಿ ಮದ್ರಾಸಿನ ಗವರ್ನರ್ ಲಾರ್ಡ್ ಹೋಪ್ ಅಡಿಗಲ್ಲು ಇಟ್ಟರು. ನದಿ ಒಂದು, ಕಟ್ಟೆ ಒಂದು, ಅಡಿಗಲ್ಲು ಎರಡು. ಇಂದಿಗೂ ಈ ಯೋಜನೆಯಲ್ಲಿ ಎಲ್ಲವೂ ಹೀಗೆಯೇ ನಡೆಯುತ್ತಿದೆ.

1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು. ನಮ್ಮ ಜಿಲ್ಲೆಯನ್ನು ಹೋಳು ಮಾಡಿದ ಅದೇ ಕಾಯಿದೆಯೇ ನದಿಯನ್ನು ಒಟ್ಟಾಗಿ ನೋಡಿಕೊಳ್ಳಲು ತುಂಗಭದ್ರಾ ಮಂಡಳಿಯನ್ನೂ ಹುಟ್ಟಿಸಿತು. ಅಧ್ಯಕ್ಷರನ್ನು ಕೇಂದ್ರ ನೇಮಿಸುತ್ತದೆ, ಸದಸ್ಯರನ್ನು ರಾಜ್ಯಗಳು ಕಳಿಸುತ್ತವೆ. ಅಂದಮೇಲೆ ತಾವು ಯಾರಿಗೆ ಸೇರಿದವರು? ತಾವು ಬಿದ್ದ ದಿನ ನಾವೂ ಇದೇ ಪ್ರಶ್ನೆ ಕೇಳಿದೆವು. ಬೆಂಗಳೂರಿನವರು ಮಂಡಳಿಯ ಕಡೆ ಕೈ ತೋರಿಸಿದರು, ಮಂಡಳಿಯ ಮೇಲೆ ದಿಲ್ಲಿ ಇದೆಯೆಂದರು. ಬೆಂಗಳೂರಿನ ವಿರೋಧ ಪಕ್ಷದವರು ರಾಜ್ಯ ಸರ್ಕಾರದ ಕಡೆ ಕೈ ತೋರಿಸಿದರು. ಎಲ್ಲರ ಕೈಯೂ ಯಾವುದೋ ಒಂದು ಕಡೆ ತೋರಿಸುವುದರಲ್ಲೇ ಇತ್ತು, ಚೈನು ಹಿಡಿಯುವ ಕೈ ಯಾವುದೆಂದು ಮಾತ್ರ ತಿಳಿಯಲಿಲ್ಲ.

ಹಂಚಿಕೊಳ್ಳುವುದರಲ್ಲಿ ನಾವು ನಿಸ್ಸೀಮರು, ಅದನ್ನು ತಾವು ಒಪ್ಪಲೇಬೇಕು. ಬಚಾವತ್ ನ್ಯಾಯಮಂಡಳಿಯ ತೀರ್ಪಿನ ಪ್ರಕಾರ ಈ ಯೋಜನೆಯ 230 ಟಿಎಂಸಿ ಅಡಿ ನೀರಿನಲ್ಲಿ ಕರ್ನಾಟಕಕ್ಕೆ 151.49, ಉಳಿದ 78.51ರಲ್ಲಿ ಈಗ ಆಂಧ್ರಕ್ಕೆ 72, ತೆಲಂಗಾಣಕ್ಕೆ 6.51. ದಶಾಂಶದ ಎರಡನೇ ಸ್ಥಾನದವರೆಗೂ ಬಿಟ್ಟಿಲ್ಲ. ನೀರನ್ನು ಹೀಗೆ ತೂಕ ಹಾಕಿ ಹಂಚಿಕೊಂಡವರು ಹೂಳನ್ನು ಮಾತ್ರ ಇಡಿಯಾಗಿ ತುಂಗಭದ್ರೆಗೇ ಬಿಟ್ಟರು. ಮೊದಲು ಸುಮಾರು 133 ಟಿಎಂಸಿ ಹಿಡಿಸುತ್ತಿದ್ದ ಜಲಾಶಯದಲ್ಲಿ ಈಗ ಹಿಡಿಸುವುದು 105.78. ಹೂಳಿನಿಂದ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಯೋಜನೆಯಿದೆ. ಅದಕ್ಕೆ ಮೂರೂ ರಾಜ್ಯಗಳ ಒಪ್ಪಿಗೆ ಬೇಕು. ಹೂಳಿಗೆ ಯಾರ ಒಪ್ಪಿಗೆಯೂ ಬೇಕಿಲ್ಲ, ಅದು ಪ್ರತಿ ಮಳೆಗಾಲಕ್ಕೂ ತಪ್ಪದೆ ಬರುತ್ತದೆ.

ಈಗ ತಾವು ಹೊರಟುಹೋದ ವಾರದ ವರದಿ. ಆಗಸ್ಟ್ ಎಂದರೆ ನಮ್ಮಲ್ಲಿ ಭತ್ತದ ನಾಟಿಯ ಕಾಲ. ಕುರುಗೋಡಿನ ಸುತ್ತ ಕೆಳಮಟ್ಟದ ಎಲ್‌ಎಲ್‌ಸಿ ಕಾಲುವೆಯ ನೀರು ನಂಬಿ ಸಸಿ ಊರಿದ್ದ ಗದ್ದೆಗಳಲ್ಲಿ ಹಸಿರು ಆಗತಾನೆ ಹಿಡಿಯುತ್ತಿತ್ತು. ಹೋಟೆಲಿನ ಟಿವಿಯಲ್ಲಿ ತಮ್ಮ ಜಾಗದಿಂದ ಸುಮಾರು 35,000 ಕ್ಯುಸೆಕ್ ನೀರು ಬುಸುಗುಟ್ಟುತ್ತ ಹೋಗುವುದನ್ನು ಜನ ಚಹ ತಣ್ಣಗಾಗುವವರೆಗೂ ನೋಡಿದರು. ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲೆಂದು ಉಳಿದ ಗೇಟುಗಳನ್ನೂ ಎತ್ತಿ ಲಕ್ಷ ಕ್ಯುಸೆಕ್ ಹತ್ತಿರ ನೀರು ಬಿಟ್ಟಾಗ ಯಾರೂ ಮಾತಾಡಲಿಲ್ಲ. ಕುರುಗೋಡಿನ ಬೆಟ್ಟದ ಬುಡದ ಗುಡಿಯಲ್ಲಿ ಏಕಶಿಲೆಯ ದೊಡ್ಡ ಬಸವಣ್ಣ ಮಾತ್ರ ಎಂದಿನಂತೆ ಕದಲದೆ ಕೂತಿದ್ದ. ಅವನಿಗೆ ಕಲ್ಲಿನ ಮೈ, ಚೈನಿನ ಹಂಗಿಲ್ಲ.

ಸಿರುಗುಪ್ಪದಲ್ಲಿ ಇನ್ನೂ ವಿಚಿತ್ರ. ನಮ್ಮ ತಾಲೂಕಿನಲ್ಲಿ ಹೊಳೆಯೂ ಇದೆ, ಕಾಲುವೆಯೂ ಇದೆ. ಆ ವಾರ ಹೊಳೆಯ ದಂಡೆಯವರಿಗೆ ನೀರು ಬರುತ್ತದೆ ಎಂಬ ಭಯ, ಕಾಲುವೆಯ ಕೊನೆಯವರಿಗೆ ನೀರು ಬರುವುದಿಲ್ಲ ಎಂಬ ಭಯ. ದಂಡೆಯಲ್ಲೂ ಕಾಲುವೆಯ ಕೆಳಗೂ ಎರಡೆರಡು ಎಕರೆ ಇದ್ದವರು ಬೆಳಿಗ್ಗೆ ಒಂದಕ್ಕೆ, ಸಂಜೆ ಇನ್ನೊಂದಕ್ಕೆ ಹೆದರಿದರು. ಒಂದೇ ಮನೆಗೆ ನೆರೆ ಮತ್ತು ಬರದ ಎಚ್ಚರಿಕೆಯನ್ನು ಒಂದೇ ದಿನ ಕೊಟ್ಟ ಕೀರ್ತಿ ತಮ್ಮದು.

ಇನ್ನು ಮೆಚ್ಚಬೇಕಾದದ್ದನ್ನು ಮೆಚ್ಚಲೇಬೇಕು. ತಮ್ಮ ಜಾಗ ಮುಚ್ಚಲು ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಸಿದ್ಧವಿರಲಿಲ್ಲ, ಹೊಸದಾಗಿ ಮಾಡಿಸಬೇಕಾಯಿತು. ಆಂಧ್ರದಿಂದ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ವಯಸ್ಸು ಎಂಬತ್ತರ ಆಸುಪಾಸು. ನಮ್ಮ ಜಿಲ್ಲೆಗಳ ಕಾರ್ಖಾನೆಗಳಲ್ಲಿ ಹಗಲು ರಾತ್ರಿ ಬೆಸುಗೆ ನಡೆಯಿತು. ನಾಲ್ಕು ನಾಲ್ಕು ಅಡಿ ಎತ್ತರದ ಐದು ತುಂಡುಗಳು. ನೀರು ಪೂರ್ತಿ ಇಳಿಯುವವರೆಗೆ ಕಾಯೋಣ ಎನ್ನದೆ, ಹರಿಯುತ್ತಿರುವ ನೀರಿನಲ್ಲೇ ಆಗಸ್ಟ್ 16ರ ಸಂಜೆ ಮೊದಲ ತುಂಡು ಇಳಿಯಿತು. 17ಕ್ಕೆ ಐದೂ ಕೂತವು. ಕ್ರೇನಿನ ಹಗ್ಗ ಹಿಡಿದವನು ಕನ್ನಡದವನೋ ತೆಲುಗಿನವನೋ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನಮ್ಮ ಕಡೆ ಉತ್ತರ ಸಿಗುತ್ತಿರಲಿಲ್ಲ. ಇಲ್ಲಿ ಬೀಗರು ಆದವಾನಿಯಲ್ಲಿ, ಬೆಳೆ ಸಿರುಗುಪ್ಪದಲ್ಲಿ, ಬೈಗುಳ ಎರಡೂ ಭಾಷೆಯಲ್ಲಿ. ಆಮೇಲೆ ಮಳೆಯೂ ಕೈಕೊಡಲಿಲ್ಲ. ಜಲಾಶಯ ಮತ್ತೆ ತುಂಬಿತು, ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಬಂದು ಬಾಗಿನ ಬಿಟ್ಟರು.

ಆ ಒಂದು ವಾರದ ಸಹಕಾರ ನಿಜ, ಅದರಲ್ಲಿ ವ್ಯಂಗ್ಯವೇನೂ ಇಲ್ಲ. ಆದರೆ ಅದು ಬರಲು ತಾವು ಕೊಚ್ಚಿಹೋಗಬೇಕಾಯಿತಲ್ಲ, ನಮ್ಮ ತಕರಾರು ಅಲ್ಲಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ಹಿರಿಯರು ಹೇಳುತ್ತಿದ್ದರು. ಹಾಕಿದ ಬಾಗಿಲು ಗಟ್ಟಿಯಾಗಿಯೇ ಇತ್ತು ಎನ್ನುವುದು ಸಮಾಧಾನದ ಮಾತಲ್ಲ. ಎಚ್ಚರಿಕೆ ಬಂದಿರಲಿಲ್ಲವೆಂದೂ ಹೇಳುವಂತಿಲ್ಲ. 2021ರ ಆಗಸ್ಟ್ 5ರಂದು ಇದೇ ನೀರು ಮುಂದೆ ಕೃಷ್ಣೆಯಾಗಿ ಹರಿಯುವ ದಾರಿಯಲ್ಲಿ, ಆಂಧ್ರದ ಪುಲಿಚಿಂತಲದಲ್ಲಿ ತಮ್ಮ ಬಳಗದ 16ನೇ ಗೇಟು ಕೊಚ್ಚಿಹೋಗಿತ್ತು. ಅಲ್ಲೂ ನೀರು ಖಾಲಿ ಮಾಡಿದರು, ಅಲ್ಲೂ ಸ್ಟಾಪ್‌ಲಾಗ್ ಇಳಿಸಿದರು. ಗಡಿಯಾಚೆಯ ಪಾಠ ಗಡಿ ದಾಟಿ ಬರಲು ಮೂರು ವರ್ಷ ಸಾಲಲಿಲ್ಲ.

ತಾವು ಹೋದ ಮೇಲೆ ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ಅವರ ಸಮಿತಿ ಬಂದು ನೋಡಿ, 33 ಗೇಟುಗಳನ್ನೂ ಬದಲಿಸಬೇಕೆಂದು ಹೇಳಿತು. ಅಂದರೆ ತಾವೊಬ್ಬರೇ ದುರ್ಬಲರಾಗಿರಲಿಲ್ಲ, ತಾವು ಮೊದಲಿಗರು ಮಾತ್ರ. 2025ರ ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೂ ಜಲಾಶಯದಲ್ಲಿ ಸುಮಾರು 80 ಟಿಎಂಸಿ ಮಾತ್ರ ಹಿಡಿದಿಟ್ಟು ಉಳಿದದ್ದನ್ನು ಕೆಳಗೆ ಬಿಟ್ಟರು. ಹೊಸ ಗೇಟು ಹಾಕುವ ಸಲುವಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದರು. ಡಿಸೆಂಬರಿನಲ್ಲಿ ಹಳೆಯ ಗೇಟುಗಳನ್ನು ಕತ್ತರಿಸಿ ತೆಗೆಯುವ ಕೆಲಸ ಶುರುವಾಯಿತು. ಗೇಟು ಬದಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಪ್ಪತ್ತು ವರ್ಷ ಮುಂದೂಡಿದ ಕೆಲಸದ ಬಿಲ್ಲನ್ನು ಒಂದೇ ಹಂಗಾಮಿಗೆ ಭತ್ತದ ಗದ್ದೆಯವನ ಹೆಸರಿಗೆ ಕಳಿಸಿದರು. ಎರಡನೇ ಬೆಳೆ ಇಲ್ಲವೆಂದರೆ ಬೆಳೆಗಾರನಷ್ಟೇ ಅಲ್ಲ, ಕಳೆ ಕೀಳುವ ಕೂಲಿಯವರು, ಗುತ್ತಿಗೆಗೆ ಗದ್ದೆ ಹಿಡಿದವರು, ಅಕ್ಕಿ ಗಿರಣಿಯ ಹಮಾಲರು, ಎಲ್ಲರೂ ಕೈ ಕಟ್ಟಿ ಕೂರಬೇಕು. ಬಳ್ಳಾರಿ ನಗರದವರಿಗೆ ಇದು ಹಳ್ಳಿಯವರ ವಿಷಯ ಎಂದೇ ಅನಿಸುತ್ತದೆ. ನಗರದ ನಲ್ಲಿಗೆ ನೀರು ಕೊಡುವ ಅಲ್ಲೀಪುರದ ಕೆರೆ ತುಂಬುವುದು ಇದೇ ಜಲಾಶಯದ ಮೇಲ್ಮಟ್ಟದ ಎಚ್‌ಎಲ್‌ಸಿ ಕಾಲುವೆಯಿಂದ ಎಂದು ನೆನಪಾಗುವುದು ನಲ್ಲಿ ಒಣಗಿದ ದಿನ.

ನೆರೆಯ ಎಚ್ಚರಿಕೆಯ ಬಗ್ಗೆಯೂ ಒಂದೆರಡು ಮಾತು. ಅಣೆಕಟ್ಟೆಯಿಂದ ಇಷ್ಟು ಸಾವಿರ ಕ್ಯುಸೆಕ್ ಯಾವ ಕ್ಷಣದಲ್ಲಾದರೂ ಬಿಡಬಹುದು, ನದಿಪಾತ್ರದ ಜನ ಎಚ್ಚರದಿಂದಿರಬೇಕು ಎಂಬ ಪ್ರಕಟಣೆ ನಮ್ಮ ಮೊಬೈಲಿಗೆ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಹಾರುತ್ತ, ಕೆಲವೊಮ್ಮೆ ಹೋದ ವರ್ಷದ್ದೂ ಈ ವರ್ಷದ್ದೂ ಬೆರೆತು ಬರುತ್ತದೆ. ಓದಿದ ಕೂಡಲೇ ದಂಡೆಯವರು ಮಾಡುವ ಮೊದಲ ಕೆಲಸ ಮೋಟರು ಎತ್ತುವುದು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ನಾಲ್ಕು ಜನ ಕೆಸರಿನಲ್ಲಿ ಮೊಣಕಾಲುವರೆಗೆ ಇಳಿದು, ಪಂಪ್‌ಸೆಟ್ಟನ್ನು ದಿಬ್ಬಕ್ಕೆ ಎಳೆಯುತ್ತಾರೆ. ಪೈಪು ಬಿಚ್ಚಲು ಹೊತ್ತಿದ್ದರೆ ಬಿಚ್ಚುತ್ತಾರೆ, ಇಲ್ಲವಾದರೆ ಹೊಳೆಗೆ ಬಿಡುತ್ತಾರೆ. ಲಕ್ಷ ಕ್ಯುಸೆಕ್ ಎಂದರೆ ನಮ್ಮೂರಲ್ಲಿ ಎಷ್ಟು ನೀರು ಎಂದು ಪ್ರಕಟಣೆ ಹೇಳುವುದಿಲ್ಲ. ಅದನ್ನು ನಾವೇ ಬೇರೆ ಲೆಕ್ಕದಲ್ಲಿ ತಿಳಿಯುತ್ತೇವೆ. ಕಂಪ್ಲಿ-ಗಂಗಾವತಿ ಸೇತುವೆಯ ಮೇಲೆ ನೀರು ಹತ್ತಿತಂತೆ ಎಂದರೆ ನಮ್ಮ ದಂಡೆಯ ಗದ್ದೆಯೂ ಹೋಯಿತು ಅಂತಲೇ ಅರ್ಥ. ಹೋದ ಗದ್ದೆಗೆ ಪರಿಹಾರವೂ ಉಂಟು. ನೀರಾವರಿ ಜಮೀನಿಗೆ ಕೇಂದ್ರದ 2022-26ರ ಮಾನದಂಡ ಹೆಕ್ಟೇರಿಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಅಂದರೆ ಎಕರೆಗೆ ಏಳು ಸಾವಿರಕ್ಕೂ ಕಡಿಮೆ. ಗದ್ದೆ ಗುತ್ತಿಗೆ ಹಿಡಿದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ, ಅವನು ಹೊಳೆಯನ್ನೇ ಕೇಳಬೇಕು.

ನಮ್ಮ ತಾಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಆಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಅದೇ ಸಂದೇಶದ ಶಾಸನವಿದೆ. ಇದನ್ನು ಭೇರಿ ಬಾರಿಸಿ ಜನರಿಗೆ ತಿಳಿಸಬೇಕು ಎಂಬ ಆಜ್ಞೆಯೂ ಎರ್ರಗುಡಿಯ ಬಂಡೆಯ ಮೇಲಿದೆ. 2,200ಕ್ಕೂ ಹೆಚ್ಚು ವರ್ಷಗಳ ಹಿಂದೆ ಪಾಟಲೀಪುತ್ರದ ಒಂದೇ ಮಾತು ಇಂದಿನ ಗಡಿಯ ಈಚೆಗೂ ಆಚೆಗೂ ತಲುಪಿತ್ತು. ಈಗ ಹೊಸಪೇಟೆಯ ಮಾತು ಸಿರುಗುಪ್ಪಕ್ಕೆ ಬರುವಷ್ಟರಲ್ಲಿ ನೀರು ಬಂದಿರುತ್ತದೆ.

ತುಂಗಭದ್ರೆಯದು ಹೀಗಾದರೆ ವೇದಾವತಿಯದು ಇನ್ನೊಂದು. ಚಿಕ್ಕಮಗಳೂರಿನ ಬೆಟ್ಟದಲ್ಲಿ ಹುಟ್ಟಿ, ಹಿರಿಯೂರಿನ ವಾಣಿವಿಲಾಸ ಸಾಗರ ದಾಟಿ, ಆಂಧ್ರಕ್ಕೆ ಹೋಗಿ ಭೈರವಾನಿತಿಪ್ಪ ಅಣೆಕಟ್ಟೆಯಲ್ಲಿ ನಿಂತು, ಮತ್ತೆ ಬಳ್ಳಾರಿಗೆ ಬರುತ್ತಾಳೆ. ನಾವು ಹಗರಿ ಎನ್ನುತ್ತೇವೆ. ಹೆಚ್ಚು ವರ್ಷ ಮರಳು ತೋರಿಸುತ್ತ ಮಲಗಿರುವವಳು, ಎದ್ದರೆ ಮುನ್ಸೂಚನೆ ಇಲ್ಲ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ಎದ್ದಳು. ರಾರಾವಿಯ ಹತ್ತಿರ ಆದವಾನಿಯ ದಾರಿ ಬಂದ್ ಆಯಿತು. ಬಳ್ಳಾರಿಯ ಬಳಿ ಅವಳ ಮೇಲೆ ಹಾದುಹೋಗುವ ಎಲ್‌ಎಲ್‌ಸಿ ಮೇಲ್ಗಾಲುವೆಯ ಕಂಬ ಕುಸಿಯಿತು. ಎರಡು ರಾಜ್ಯಗಳ ಗದ್ದೆಗೆ ನೀರು ಒಯ್ಯುವ ಕಾಲುವೆ ನಿಂತಿತು. ದುರಸ್ತಿ ಮುಗಿಯುವವರೆಗೂ ಇಲ್ಲೇ ಇರುತ್ತೇನೆಂದು ಆಗಿನ ಜಿಲ್ಲಾ ಉಸ್ತುವಾರಿ ಸಚಿವ ಬಿ. ಶ್ರೀರಾಮುಲು ಹೊಳೆಯಲ್ಲೇ ರಾತ್ರಿ ಮಲಗಿದರು. ಕಂಬಕ್ಕೆ ಮಂತ್ರಿಗಳು ಕಾವಲು ಮಲಗಿದ್ದು ಕಂಬ ಬಿದ್ದ ಮೇಲೆ. ತಮ್ಮ ವಿಷಯದಲ್ಲಿ ಹೊಸ ಪದ್ಧತಿಯೇನೂ ಹಾಕಲಿಲ್ಲ, ನೋಡಿ.

ಗಡಿ ದಾಟಿದ ಸಹಕಾರ ಈ ಜಿಲ್ಲೆಗೆ ಹೊಸದೂ ಅಲ್ಲ. 2009ರ ಸೆಪ್ಟೆಂಬರ್ ಕೊನೆಗೆ ಮೂರು ದಿನ ಮಳೆ ಹುಯ್ದು ಉತ್ತರ ಕರ್ನಾಟಕವೆಲ್ಲ ನೀರಾಯಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ 2ಕ್ಕೆ ಮಂತ್ರಾಲಯ ಮುಳುಗಿತು, ಕರ್ನೂಲು ಮುಳುಗಿತು. ನೆರೆ ಪರಿಹಾರ ನೋಡಬೇಕಾದ ಕಂದಾಯ ಸಚಿವರು ಆಗ ನಮ್ಮ ಜಿಲ್ಲೆಯ ಗಣಿ ಮನೆತನದವರೇ ಆಗಿದ್ದರು. ಅದಿರಿನ ಲಾರಿಯೊಂದಕ್ಕೆ 1,000 ರೂಪಾಯಿ ಪರಿಹಾರ ನಿಧಿಗೆ ಎಂದು ಸರ್ಕಾರ ಹೊರಟಾಗ ಬಂಡಾಯ ಎದ್ದಿತು. ನಿರಾಶ್ರಿತರು ಶೆಡ್ಡಿನಲ್ಲಿದ್ದಾಗ ಬಂಡಾಯದ ಶಾಸಕರು ಹೈದರಾಬಾದಿನ ರೆಸಾರ್ಟಿನಲ್ಲಿದ್ದರು. ಆ ಕಾಲದಲ್ಲಿ ಬಳ್ಳಾರಿಯ ಕಾಡಿನಲ್ಲಿ ಎರಡು ರಾಜ್ಯಗಳ ನಡುವಿನ ಗಡಿ ಗುರುತುಗಳೂ ಅದಿರಿನ ಜತೆಗೆ ನಾಪತ್ತೆಯಾಗಿ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸರ್ವೆ ಆಫ್ ಇಂಡಿಯಾದವರು ಬಂದು ಅಳೆಯಬೇಕಾಯಿತು. ಅದಿರಿಗಾಗಿ ಗಡಿ ಕಲ್ಲೇ ಸರಿದ ಜಾಗದಲ್ಲಿ ನೆರೆಯ ಸುದ್ದಿ ಒಂದು ಫೋನಿನಲ್ಲಿ ಗಡಿ ದಾಟುವುದು ಕಷ್ಟವೆಂದರೆ ನಂಬುವುದು ಹೇಗೆ?

ದೂರದ ಒಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. 2025ರ ಏಪ್ರಿಲಿನಲ್ಲಿ ಭಾರತ ಪಾಕಿಸ್ತಾನದೊಂದಿಗಿನ 1960ರ ಸಿಂಧೂ ಒಪ್ಪಂದವನ್ನು ತಡೆಹಿಡಿಯಿತು. ಮೇ ತಿಂಗಳಲ್ಲಿ ಎರಡೂ ದೇಶ ಕ್ಷಿಪಣಿ ಹಾರಿಸಿದವು. ಆದರೂ ಆಗಸ್ಟಿನಲ್ಲಿ ತವಿ ನದಿ ಉಕ್ಕಿದಾಗ ನಮ್ಮವರು ಹೈಕಮಿಷನ್ ಕಚೇರಿಯ ಮೂಲಕ ಇಸ್ಲಾಮಾಬಾದಿಗೆ ಮುನ್ನೆಚ್ಚರಿಕೆ ಕಳಿಸಿದರು. ಮಾನವೀಯತೆಯ ದೃಷ್ಟಿಯಿಂದ ಎಂದರು. ಸಿರುಗುಪ್ಪಕ್ಕೂ ಆದವಾನಿಗೂ ಅಷ್ಟು ವೈರವಿಲ್ಲ, ಅದೇ ನಮ್ಮ ದೌರ್ಭಾಗ್ಯವಿರಬೇಕು.

ಆದ್ದರಿಂದ ತಮ್ಮ ಮೂಲಕ, ತಮ್ಮ ಜಾಗಕ್ಕೆ ಬರುವವರ ಹಾಗೂ ಅವರನ್ನು ನೋಡಿಕೊಳ್ಳಬೇಕಾದವರ ಗಮನಕ್ಕೆ ಈ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇವೆ.

ಒಂದು, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ 33 ಗೇಟುಗಳ ಚೈನು, ಹಗ್ಗ, ರಬ್ಬರು ಸೀಲು ಪರೀಕ್ಷೆ ಮಾಡಿ, ಮಾಡಿದವರ ರುಜು ಮತ್ತು ತಾರೀಖು ಸಹಿತ ವರದಿಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಕೆಳದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸತಕ್ಕದ್ದು. ಓದುವವರು ಕಡಿಮೆ ಇರಬಹುದು. ಓದುತ್ತಾರೆಂಬ ಹೆದರಿಕೆ ಸಾಕು.

ಎರಡು, ಎಷ್ಟು ಕ್ಯುಸೆಕ್‌ಗೆ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ದಂಡೆಯ ಪ್ರತಿ ಊರಲ್ಲಿ ಕಲ್ಲು ನೆಟ್ಟು ಬಣ್ಣದಲ್ಲಿ ಗುರುತು ಹಾಕತಕ್ಕದ್ದು. ಲಕ್ಷ ಎಂದ ಕೂಡಲೇ ಯಾವ ಗದ್ದೆಯ ಮೋಟರು ಎತ್ತಬೇಕೆಂದು ಗೊತ್ತಾಗಬೇಕು.

ಮೂರು, ಭೈರವಾನಿತಿಪ್ಪದ ಗೇಟು ಎತ್ತುವವರು ಬಳ್ಳಾರಿಯ ಜಿಲ್ಲಾಧಿಕಾರಿಗೆ ತಿಳಿಸುವ ಹೊತ್ತಿಗೇ ಹಗರಿ ದಂಡೆಯ ಪಂಚಾಯಿತಿಗಳಿಗೂ ತಿಳಿಸತಕ್ಕದ್ದು. ಅವರ ತೆಲುಗು ನಮಗೆ ಅರ್ಥವಾಗುತ್ತದೆ.

ನಾಲ್ಕು, ಇದು ಮುಖ್ಯ. ನೀರನ್ನು ಯಾವ ದಶಾಂಶದಲ್ಲಿ ಹಂಚಿಕೊಂಡಿರೋ ಅದೇ ದಶಾಂಶದಲ್ಲಿ ರಿಪೇರಿಯ ಹೊಣೆಯನ್ನೂ ರಿಪೇರಿಗಾಗಿ ಬಿಟ್ಟುಕೊಟ್ಟ ಬೆಳೆಯ ನಷ್ಟವನ್ನೂ ಹಂಚಿಕೊಳ್ಳತಕ್ಕದ್ದು. 151.49, 72, 6.51. ಲೆಕ್ಕ ಸಿದ್ಧವಿದೆ, ಹೊಸ ನ್ಯಾಯಮಂಡಳಿ ಬೇಕಿಲ್ಲ.

ತಾವು ಮತ್ತೆ ಸೇವೆಗೆ ಮರಳುವಂತಿಲ್ಲವಾದ್ದರಿಂದ ಈ ಮನವಿಗೆ ತಮ್ಮಿಂದ ಉತ್ತರ ನಿರೀಕ್ಷಿಸುವುದಿಲ್ಲ. ಸೇವೆಯಲ್ಲಿರುವವರಿಂದಲೂ ನಿರೀಕ್ಷಿಸುವುದನ್ನು ಬಿಟ್ಟು ಬಹಳ ದಿನವಾಯಿತು.



ತಮ್ಮ ವಿಶ್ವಾಸಿ,
ಕಾಲುವೆಯ ಕೊನೆಯಲ್ಲೂ ಹೊಳೆಯ ಅಂಚಿನಲ್ಲೂ ಇರುವ ಒಬ್ಬ ಬಳಕೆದಾರ,
ಸಿರುಗುಪ್ಪ ತಾಲೂಕು, ಬಳ್ಳಾರಿ ಜಿಲ್ಲೆ.

ಪ್ರತಿಗಳು:
1. ಕರ್ನಾಟಕ, ಆಂಧ್ರಪ್ರದೇಶ ಮತ್ತು ತೆಲಂಗಾಣ ಸರ್ಕಾರಗಳಿಗೆ, ಮಾಹಿತಿಗಾಗಿ. ಕ್ರಮಕ್ಕಾಗಿ ಎಂದು ಬರೆದಿಲ್ಲ, ಅದಕ್ಕೆ ಮೂವರೂ ಒಪ್ಪಬೇಕು.
2. ತುಂಗಭದ್ರಾ ಮಂಡಳಿಗೆ, ಮೂವರೂ ಒಪ್ಪಿದ ನಂತರ ಮುಂದಿನ ಕ್ರಮಕ್ಕಾಗಿ.
3. ತಮ್ಮ ಜಾಗಕ್ಕೆ ಬರುವ ಹೊಸ 19ನೇ ಗೇಟಿಗೆ. ಸೂಚನೆ: ತಾವು ಸರಿಯಾಗಿ ಕೆಲಸ ಮಾಡುತ್ತಿರುವಷ್ಟು ದಿನ ತಮ್ಮನ್ನು ನೋಡಲು ಯಾವ ಮಂತ್ರಿಯೂ ಬರುವುದಿಲ್ಲ. ಅದಕ್ಕಾಗಿ ಬೇಸರಪಟ್ಟುಕೊಳ್ಳದೆ ನಿಂತಿರತಕ್ಕದ್ದು.